ಗಾಳಿಗೂ ಬೇಕು ದಿನವಹಿ

ತಾಲ್ಲೂಕು ಕೇಂದ್ರದ ಮಳೆಮಾಪಕ ಕನ್ನಡ ನಾಡಿನ ರೈತನಿಗೆ ಅಪರಿಚಿತವಲ್ಲ. ಪ್ರತಿದಿನ ಬೆಳಿಗ್ಗೆ 8-30ಕ್ಕೆ ಮಳೆಯನ್ನಳೆದು ಬರೆದಿಡುವ ಪದ್ಧತಿಯಿಂದಲೇ ದಶಕಗಳ ಮಳೆಯನ್ನು ಇಂದು ಹೋಲಿಸಿ ನೋಡಬಹುದಾಗಿದೆ. ಆದರೆ ಕ್ಷಣಕ್ಷಣವೂ ಉಸಿರಾಗುವ ಗಾಳಿಗೆ ಅಂತಹ ದಿನವಹಿ ಬಹುಪಾಲು ಊರುಗಳಲ್ಲಿಲ್ಲ.

ಇಂತಹ ಲೆಕ್ಕದ ಬೆಲೆಯೇನೆಂಬುದನ್ನು ಲಂಡನ್ ನಗರ ಕಂಡುಕೊಂಡಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ಆ ನಗರವನ್ನು ಕವಿದಿತ್ತು. ಹೊಗೆಯ ಪ್ರಮಾಣವನ್ನೂ ದಿನದಿನದ ಮರಣಗಳನ್ನೂ ಒಂದೇ ಆಲೇಖದಲ್ಲಿ ಗುರುತಿಸಿದಾಗ ಎರಡು ಗೆರೆಗಳೂ ಜೊತೆಜೊತೆಯಾಗಿ ಏರಿದ್ದವು. ಹೆಚ್ಚುವರಿ ಮರಣಗಳು ಸುಮಾರು 4,000 ಎಂದು ಅಂದಿನ ಅಂದಾಜು. ಅನಂತರದ ಅಧ್ಯಯನವೊಂದು ಅದನ್ನು 12,000ದವರೆಗೂ ಏರಿಸಿದೆ. 1956ರಲ್ಲಿ ಶುದ್ಧ ವಾಯು ಕಾಯಿದೆ ಬಂದಿತು. ದಟ್ಟ ಮಂಜು ಲಂಡನ್ನಿಗೆ ಹೊಸತೇನಲ್ಲ. ಹೊಗೆಯನ್ನು ಅಳೆದಿಡುವ ರೂಢಿ ಅಲ್ಲಿ ಮೊದಲೇ ಇದ್ದುದು ಆ ನಗರದ ಪುಣ್ಯ.

ಭಾರತದಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ 1981ರಲ್ಲಿ ಜಾರಿಗೆ ಬಂದಿತು. 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು 2009ರಲ್ಲಿ ಗೊತ್ತುಪಡಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯಾದರೋ ಕೇವಲ 5. ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನೊಡನೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಸೇರಿವೆ ಎಂಬುದು ಗಮನಾರ್ಹ. ಆದರೆ ನಗರದ ಒಂದೆರಡು ಮಾಪನ ಕೇಂದ್ರಗಳು ಹೆದ್ದಾರಿಯ ಬದಿಯ ಶಾಲೆಯೊಂದರ ಗಾಳಿ ಹೇಗಿದೆಯೆಂದು ಹೇಳಲಾರವು.

ಆದುದರಿಂದ ಶಾಲೆಯೇ ಈ ಲೆಕ್ಕವನ್ನಿಡುವುದು ಯುಕ್ತ. ಲೇಸರ್ ಬೆಳಕಿನ ನೆರವಿನಿಂದ ಕಣಗಳನ್ನೆಣಿಸುವ ಅಗ್ಗದ ಉಪಕರಣಗಳು ಇಂದು ದೊರೆಯುತ್ತವೆ. ಅವು ದೋಷರಹಿತವೇನಲ್ಲ, ಮಂಜಿನ ದಿನ ನೀರಿನ ಹನಿಗಳನ್ನೂ ಧೂಳೆಂದೇ ಎಣಿಸುತ್ತವೆ. ಕೆಲವು ವಾರ ಸರಕಾರಿ ಮಾಪನ ಕೇಂದ್ರದ ಬಳಿಯಿಟ್ಟು ಹೋಲಿಸಿದರೆ ಅಂತರ ತಿಳಿಯುತ್ತದೆ. ಅನಂತರ ಸ್ಥಳವನ್ನಾಗಲಿ ಎತ್ತರವನ್ನಾಗಲಿ ಬದಲಿಸಕೂಡದು. ದಾಸೋಹದ ಒಲೆಯ ಹೊಗೆ ತಾಗುವಲ್ಲಿಟ್ಟರೆ ಅದು ಅಡುಗೆಮನೆಯ ಲೆಕ್ಕವಾದೀತು. ಅದೂ ಬೇಕಾದ ಲೆಕ್ಕವೇ, ಆದರೆ ಬೇರೆ ಪುಟದಲ್ಲಿ.

ದಿನದ ಸರಾಸರಿಯನ್ನಷ್ಟೇ ನೋಡುವವರು ಮೋಸಹೋಗುತ್ತಾರೆ. ಚಳಿಗಾಲದ ಮುಂಜಾನೆ ತಂಪುಗಾಳಿ ನೆಲಕ್ಕಂಟಿ ನಿಂತು ಹೊಗೆಯನ್ನು ಮೇಲೇರಗೊಡದು. ಮಧ್ಯಾಹ್ನ ಬಿಸಿಲೇರಿದೊಡನೆ ಅದು ಚದುರುತ್ತದೆ. ಸರಾಸರಿಯಲ್ಲಿ ಎರಡೂ ಕರಗಿ ಒಂದಾಗುತ್ತವೆ, ಮಕ್ಕಳಾದರೋ ಮುಂಜಾನೆಯೇ ಮೈದಾನದಲ್ಲಿ ಓಡುತ್ತಿರುತ್ತಾರೆ. ಗಂಟೆಗಂಟೆಯ ಆಲೇಖವಿದ್ದರೆ ವ್ಯಾಯಾಮದ ಅವಧಿಯನ್ನು ಸಂಜೆಗೆ ಬದಲಿಸಲು ಆಧಾರ ಸಿಗುತ್ತದೆ. ಈ ವರ್ಷದ ಜನವರಿಯನ್ನು ಕಳೆದ ವರ್ಷದ ಜನವರಿಯೊಡನೆ ತೂಗಬೇಕೇ ಹೊರತು ಮಳೆ ತೊಳೆದ ಜುಲೈಯೊಡನಲ್ಲ. ವಿದ್ಯುತ್ತು ಹೋದ ದಿನದ ಜಾಗ ಖಾಲಿಯೇ ಉಳಿಯಲಿ; ಊಹೆಯಿಂದ ಗೆರೆ ಜೋಡಿಸುವುದು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದಂತೆ.

ಕಟ್ಟಡಕ್ಕೆ ಕೊಡುವ ದಾನಿಗಳಿಗೆ ನಾಡಿನಲ್ಲಿ ಕೊರತೆಯಿಲ್ಲ. ಆದರೆ ಕೆಲವು ವರ್ಷಗಳಿಗೊಮ್ಮೆ ಸವೆದ ಉಪಕರಣವನ್ನು ಬದಲಿಸುವ ಸಣ್ಣ ವೆಚ್ಚಕ್ಕೆ ಶಿಲಾಫಲಕವಿಲ್ಲ. ಉತ್ಸಾಹಿ ಅಧ್ಯಾಪಕರೊಬ್ಬರು ನಿವೃತ್ತರಾದೊಡನೆ ಇಂತಹ ಲೆಕ್ಕಗಳು ನಿಂತುಹೋಗುವುದು ಸಾಮಾನ್ಯ. ಉಪಕರಣವನ್ನು ಕೊಡುವವರು ಹತ್ತು ವರ್ಷಗಳ ನಿರ್ವಹಣೆಯ ಹಣವನ್ನೂ ಠೇವಣಿಯಾಗಿ ಇಡುವುದು ಲೇಸು. ಶಾಲೆಯೂ ಒಬ್ಬರ ಬದಲು ಇಬ್ಬರು ಅಧ್ಯಾಪಕರಿಗೆ ಆ ಕೆಲಸವನ್ನು ಒಪ್ಪಿಸಲಿ.