ಭಾಗಿ ಯಾರು, ಫಲಾನುಭವಿ ಯಾರು?

ಅಡಿಕೆಯ ಸುಗ್ಗಿಯಲ್ಲಿ ನಮ್ಮ ಬನವಾಸಿ ಸೀಮೆಯ ಮನೆಗಳ ಜಗಲಿಯಲ್ಲಿ ಹೆಂಗಸರು ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅಂಥ ಒಂದು ಜಗಲಿಯಲ್ಲಿ ಮೂವತ್ತು ದಾಟದ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದಳು: "ಅಕ್ಕೋರೆ, ಆಪರೇಷನ್ ಆದಮೇಲೆ ಎಷ್ಟು ದಿನಕ್ಕೆ ಹೊರೆ ಹೊರಬಹುದು?"

ಯಾವ ಆಪರೇಷನ್ ಎಂದು ನಾನೂ ಕೇಳಲಿಲ್ಲ, ಸುತ್ತಲಿದ್ದವರೂ ಕೇಳಲಿಲ್ಲ. ವಿಶೇಷಣವಿಲ್ಲದೆ ಬಂದಾಗ ಆ ಶಬ್ದಕ್ಕೆ ನಮ್ಮ ಹೆಂಗಸರಲ್ಲಿ ಒಂದೇ ಅರ್ಥ. ಗಂಡಸರಿಗೂ ಅಂಥದೊಂದುಂಟು, ಅದು ಇದಕ್ಕಿಂತ ಸರಳವಾದುದು ಎಂದು ನಾನು ಹೇಳಿದೆ. ಜಗಲಿಗೆ ಜಗಲಿಯೇ ನಕ್ಕಿತು. "ಅವರು ಮರ ಹತ್ತೋರು, ಅಕ್ಕೋರೆ" ಎಂದಳು ಆಕೆ. ಹೊರೆ ಹೊರುವವಳು ತಾನು ಎಂಬುದು ಆಕೆಯ ನೆನಪಿಗೆ ಬಂದಂತೆ ಕಾಣಲಿಲ್ಲ.

ಗ್ರಾಮಾಂತರದ ಕುಟುಂಬ ಯೋಜನೆಯಲ್ಲಿ 'ಸರಕಾರಿ–ಖಾಸಗಿ ಸಹಭಾಗಿತ್ವ' ಎಂಬ ಮಾತನ್ನು ಓದುವಾಗಲೆಲ್ಲ ಆ ನಗೆ ನನಗೆ ಕೇಳಿಸುತ್ತದೆ. ಶಬ್ದಗಳನ್ನು ಬಿಡಿಸಿ ನೋಡುವುದು ಕನ್ನಡ ಅಧ್ಯಾಪಕರ ಚಟ, ವಾಚಕರು ಮನ್ನಿಸಬೇಕು. ಈ ಸಹಭಾಗಿತ್ವದಲ್ಲಿ ಭಾಗಿಗಳು ಇಬ್ಬರೇ: ಹಣ ಕೊಡುವ ಸರಕಾರ, ಸೇವೆ ಒದಗಿಸುವ ಸಂಸ್ಥೆ. ಯಾರ ಮೈಮೇಲೆ ಕೆಲಸ ನಡೆಯುವುದೋ ಆಕೆ ಕಾಗದಪತ್ರಗಳಲ್ಲಿ 'ಫಲಾನುಭವಿ'.

ಇವರಿಬ್ಬರೂ ಮೊದಲು ಬೇರೆ ಬೇರೆಯಾಗಿಯೇ ಈ ಕೆಲಸಕ್ಕೆ ಇಳಿದವರು. 1921ರಲ್ಲಿ ಮುಂಬಯಿಯ ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೋ ಕರ್ವೆಯವರು ಸ್ವಂತ ಬಲದಿಂದ ಸಂತತಿ ನಿಯಮನದ ಚಿಕಿತ್ಸಾಲಯ ತೆರೆದರು. ಅದಕ್ಕೆ ತೆತ್ತ ಬೆಲೆ ಅವರ ಉದ್ಯೋಗ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರಕಾರಿ ಆಸ್ಪತ್ರೆಗಳಲ್ಲೇ ಇಂಥ ಚಿಕಿತ್ಸಾಲಯಗಳನ್ನು ಆರಂಭಿಸಿತು. ಸರಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲೆನ್ನುತ್ತಾರೆ. ಆಗ ಬನವಾಸಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಕೆಲವೇ ಮೈಲಿ ನಡೆದರೆ ಸೊರಬ, ಅದು ಮೈಸೂರು. ಎರಡು ಪ್ರಯೋಗಗಳ ಗಡಿಯಲ್ಲೇ ನಾವಿದ್ದೆವು. ಆದರೆ ಎರಡೂ ನಗರದವು.

1949ರಲ್ಲಿ ಹುಟ್ಟಿದ ಭಾರತೀಯ ಕುಟುಂಬ ಯೋಜನಾ ಸಂಘದ ಸ್ಥಾಪಕರಲ್ಲಿ ಒಬ್ಬರಾದ ಧನ್ವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಜನಿಸಿದವರು. 1952ರಲ್ಲಿ ಕೇಂದ್ರ ಸರಕಾರದ ಕಾರ್ಯಕ್ರಮ ಬಂದಿತು. ಇಬ್ಬರ ಕೈ ನಿಜವಾಗಿ ಕೂಡಿ ಹಳ್ಳಿ ಮುಟ್ಟಿದ್ದು 1968ರ 'ನಿರೋಧ್' ಮಾರಾಟದಲ್ಲಿ. ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್ ಮೊದಲಾದ ಕಂಪನಿಗಳು ಚಹ, ಸಾಬೂನು ಹೋಗುವ ದಾರಿಯಲ್ಲೇ ಅದನ್ನೂ ಅಂಗಡಿಗಳಿಗೆ ಮುಟ್ಟಿಸಿದವು. ಮೂರಕ್ಕೆ ಹದಿನೈದು ಪೈಸೆ. ಬೆಲೆಯಲ್ಲಿ ಕೊರತೆಯಾದುದನ್ನು ಸರಕಾರ ತುಂಬಿತು. ಆ ಏರ್ಪಾಟಿನ ಬಗೆಗೆ ನನಗೆ ಗೌರವವಿದೆ. ಕೊಳ್ಳಬೇಕಾದವನು ಗಂಡಸು, ಬೇಡವೆಂದರೆ ಬಿಡಲೂ ಬರುತ್ತಿತ್ತು.

ಅನಂತರದ ಒಪ್ಪಂದಗಳ ರೀತಿ ಬೇರೆ. ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗೆ ಶಸ್ತ್ರಚಿಕಿತ್ಸೆ ಒಂದಕ್ಕೆ ಇಂತಿಷ್ಟು ಎಂದು ಹಣ. ಲೆಕ್ಕ ಎಣಿಕೆಗೆ ಸಿಗುವುದನ್ನೇ ಬೇಡುತ್ತದೆ; ಶಸ್ತ್ರಚಿಕಿತ್ಸೆ ಎಣಿಕೆಗೆ ಸಿಗುತ್ತದೆ, ಸಮಾಧಾನದಿಂದ ಆಡಿದ ಮಾತು ಸಿಗುವುದಿಲ್ಲ. ಇದು ಅತಿರೇಕಕ್ಕೆ ಹೋದಾಗ ಏನಾಗುವುದೆಂಬುದನ್ನು 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆ ಕಂಡಿತು. ಗುತ್ತಿಗೆ ಪಡೆದ ಸಂಸ್ಥೆಯೊಂದು ಶಾಲೆಯ ಕಟ್ಟಡದಲ್ಲಿ ಎರಡು ತಾಸಿನೊಳಗೆ 53 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿತ್ತು. ದೇವಿಕಾ ಬಿಸ್ವಾಸ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2016ರ ತೀರ್ಪು ಇಂಥ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸಬೇಕೆಂದಿತು.

ನಮ್ಮ ನಾಡಿನಲ್ಲಿ ಬೇರೊಂದು ಮಾರ್ಗವೂ ಉಂಟು. 1996ರಲ್ಲಿ ಯಳಂದೂರು ತಾಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಸರಕಾರ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟಿಗೆ ವಹಿಸಿತು. ಅಲ್ಲಿ ಹಣ ಸಂದುದು ಇಡೀ ಕೇಂದ್ರದ ಬದುಕಿಗೆ, ಒಂದೊಂದು ಶಸ್ತ್ರಚಿಕಿತ್ಸೆಗಲ್ಲ. ಬಸುರಿ, ಬಾಣಂತಿ, ಕೆಮ್ಮಿನ ಮುದುಕ ಎಲ್ಲರೂ ಬರುವ ಬಾಗಿಲಿಗೆ ಸಂತಾನದ ಮಾತಿಗೂ ಸಂಕೋಚವಿಲ್ಲದೆ ಬರಬಹುದು. ಖಾಸಗಿಯೆಂಬ ಮಾತ್ರಕ್ಕೆ ಸಹಭಾಗಿತ್ವವನ್ನು ಹಳಿಯುವವರೊಡನೆ ನಾನು ಸೇರಲಾರೆನೆಂಬುದಕ್ಕೆ ಇದೇ ಕಾರಣ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು. ಮಲೆನಾಡಿನ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುವ ಕಾಲವಿದು. ಜನಸಂಖ್ಯೆಯ ಗುಮ್ಮನನ್ನು ತೋರಿಸಿ ಯಾರನ್ನೂ ಅವಸರಪಡಿಸಬೇಕಾದುದಿಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಹಾಗೆ ಮಾಡಿಸಿಕೊಂಡ ಗಂಡಸು ನೂರಕ್ಕೆ ಒಬ್ಬನೂ ಸಿಗುವುದಿಲ್ಲ. ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ 2017ರಿಂದ ಸರಕಾರದ ಕಾರ್ಯಕ್ರಮದಲ್ಲಿವೆ. ಆ ಜಗಲಿಯಲ್ಲಿ ಅವುಗಳ ಹೆಸರು ಕೇಳಿದವರು ಒಬ್ಬರಿದ್ದರು.

ಮುಂದಿನ ಒಪ್ಪಂದ ಬರೆಯುವವರು ಶಸ್ತ್ರಚಿಕಿತ್ಸೆಯ ದರದ ಜೊತೆಗೆ, ಗಂಡಹೆಂಡಿರಿಬ್ಬರನ್ನೂ ಕೂರಿಸಿ ಮಾತನಾಡಿದ ಅರ್ಧ ತಾಸಿಗೂ ಒಂದು ದರ ಬರೆಯಲಿ. ಎಷ್ಟು ದಿನಕ್ಕೆ ಹೊರೆ ಹೊರಬಹುದು ಎಂಬುದನ್ನು ಆಕೆ ಕನ್ನಡದ ಮೇಷ್ಟರಲ್ಲಿ ಕೇಳಿದಳು. ಶಸ್ತ್ರಚಿಕಿತ್ಸೆಯ ದಿನಾಂಕ ಆಕೆಗೆ ಆಗಲೇ ಗೊತ್ತಿತ್ತು.