ಶುದ್ಧ ತುಪ್ಪಕ್ಕೆ ಸಾಕ್ಷಿ ಬೇಕು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರಿಗೆ ಮಾಲಿನ ದರ್ಜೆಯ ಮಹತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ತಂಬಾಕಿನ ಹರಾಜಿನಲ್ಲಿ ಎಲೆಯ ದರ್ಜೆಯನ್ನು ನೋಡಿಯೇ ಬೆಲೆ ಕೂಗಲಾಗುತ್ತದೆ. ಆದರೆ ಇದೇ ಸೀಮೆಯ ಬೆಣ್ಣೆ, ತುಪ್ಪಗಳ ವ್ಯವಹಾರದಲ್ಲಿ ನಾವು ಇಂದಿಗೂ ಬಣ್ಣ, ಪರಿಮಳ ಹಾಗೂ ಮರಳು ಮರಳಾದ ಹದವನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದೇವೆ. ೨೦೨೧ರ ಡಿಸೆಂಬರ್‌ನಲ್ಲಿ ಮೈಸೂರಿನ ಹೊರವಲಯದಲ್ಲಿಯೇ ‘ನಂದಿನಿ’ ಹೆಸರಿನ ನಕಲಿ ತುಪ್ಪದ ಜಾಲ ಪತ್ತೆಯಾದದ್ದನ್ನು ನೆನೆದರೆ, ಈ ನೆಚ್ಚಿಕೆ ಸಾಲದೆಂಬುದು ಸ್ಪಷ್ಟವಾಗುತ್ತದೆ.

ಇದರ ಜೊತೆಗೆ ಪ್ರಾಮಾಣಿಕ ಉತ್ಪಾದಕರನ್ನು ಕಾಡಬಹುದಾದ ಇನ್ನೊಂದು ತೊಡಕಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಖಾದ್ಯ ತೈಲ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನಾಮ್ಲದ ಮಿತಿಯನ್ನು ೨೦೨೧ರಲ್ಲಿ ಶೇ. ೩ಕ್ಕೂ, ೨೦೨೨ರ ಜನವರಿಯಿಂದ ಶೇ. ೨ಕ್ಕೂ ಇಳಿಸಿತು. ಈ ಮಿತಿಯು ಕೈಗಾರಿಕಾ ವಿಧಾನದಿಂದ ಉಂಟಾಗುವ ಟ್ರಾನ್ಸ್ ಕೊಬ್ಬಿಗೆ ಮಾತ್ರ ಅನ್ವಯಿಸುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿನ ಸೂಕ್ಷ್ಮಜೀವಿಗಳು ಮೇವಿನ ಕೊಬ್ಬಿನಾಮ್ಲಗಳನ್ನು ಮಾರ್ಪಡಿಸುವಾಗ ಸಹಜವಾಗಿಯೇ ಒಂದಿಷ್ಟು ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಹಾಲಿನ ಕೊಬ್ಬಿನಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ. ೨ರಿಂದ ೫. ಪೊಟ್ಟಣದ ಮೇಲೆ ನಮೂದಿಸಬೇಕಾದ ಟ್ರಾನ್ಸ್ ಕೊಬ್ಬಿನ ಲೆಕ್ಕದಿಂದಲೂ ೨೦೨೦ರ ನಿಯಮಾವಳಿಯು ಈ ಸಹಜ ಅಂಶವನ್ನು ಹೊರಗಿಟ್ಟಿದೆ.

ಆದರೆ ವರದಿಯಲ್ಲಿ ‘ಒಟ್ಟು ಟ್ರಾನ್ಸ್ ಕೊಬ್ಬು’ ಎಂಬ ಒಂದೇ ಅಂಕಿ ಇದ್ದರೆ ಈ ವ್ಯತ್ಯಾಸ ಕಾಣುವುದಿಲ್ಲ. ಶುದ್ಧ ತುಪ್ಪದಲ್ಲಿ ಮೈಸೂರು ಪಾಕ್ ಮಾಡುವವರ ಅಂಕಿ ಶೇ. ೩ ಎಂದು ಬರಬಹುದು. ಇಂದಿನ ನಿಯಮಕ್ಕೆ ಹೊಂದಿಸಿದ ವನಸ್ಪತಿ ಬಳಸುವವರ ಅಂಕಿ ಶೇ. ೨ಕ್ಕಿಂತ ಕಡಿಮೆ ಇರಬಹುದು. ಕಾಗದದ ಮೇಲೆ ಅಸಲಿಗಿಂತ ಅಗ್ಗದ್ದೇ ಮೇಲೆನಿಸುವ ಈ ವೈಪರೀತ್ಯವನ್ನು ಖರೀದಿದಾರರಿಗೆ ಬರಿಯ ಮಾತಿನಿಂದ ತಿಳಿಸಿಕೊಡುವುದು ಕಷ್ಟ.

ಇಲ್ಲಿ ನೆರವಾಗುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ಕೊಬ್ಬನ್ನು ಮೊದಲು ಮೀಥೈಲ್ ಎಸ್ಟರ್‌ಗಳಾಗಿ ಪರಿವರ್ತಿಸಿ, ಅನಿಲದ ಹರಿವಿನೊಡನೆ ಕೂದಲೆಳೆಯಂಥ ನಾಳದೊಳಕ್ಕೆ ಬಿಡಲಾಗುತ್ತದೆ. ಒಂದೊಂದು ಆಮ್ಲವೂ ತನ್ನದೇ ಹೊತ್ತಿಗೆ ಹೊರಬಂದು ಗುರುತು ಮೂಡಿಸುತ್ತದೆ. ಹಾಲಿನ ಕೊಬ್ಬಿನಲ್ಲಿ ವ್ಯಾಕ್ಸೆನಿಕ್ ಆಮ್ಲ ಪ್ರಧಾನ. ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಎಣ್ಣೆಯಲ್ಲಿ ಎಲೈಡಿಕ್ ಮುಂತಾದವು ಹೆಚ್ಚು. ಇವು ಬಹಳ ಹತ್ತಿರ ಹತ್ತಿರದಲ್ಲಿ ಹೊರಬರುವುದರಿಂದ ಸುಮಾರು ೧೦೦ ಮೀಟರ್ ಉದ್ದದ ನಾಳ ಬೇಕಾಗುತ್ತದೆ. ಆದಕಾರಣ ಮಾದರಿ ಕಳುಹಿಸುವಾಗಲೇ ಆಮ್ಲಗಳ ಬಿಡಿ ವಿವರ ಬೇಕೆಂದು ಬರೆದು ಕೇಳತಕ್ಕದ್ದು.

ಇದೊಂದರಿಂದಲೇ ಕಲಬೆರಕೆಯ ಪತ್ತೆಯಾಗದು. ಹಳೆಯ ಬೌಡೋಯಿನ್ ಪರೀಕ್ಷೆಯು ವನಸ್ಪತಿಗೆ ಕಡ್ಡಾಯವಾಗಿ ಬೆರೆಸುವ ಎಳ್ಳೆಣ್ಣೆಯನ್ನು ಹಿಡಿಯುತ್ತದೆಯೇ ಹೊರತು ತಾಳೆ ಎಣ್ಣೆಯನ್ನಾಗಲಿ, ಪ್ರಾಣಿ ಕೊಬ್ಬನ್ನಾಗಲಿ ಅಲ್ಲ. ಅವುಗಳಿಗೆ ಸ್ಟೆರಾಲ್ ಮತ್ತು ಟ್ರೈಗ್ಲಿಸರೈಡ್ ವಿಶ್ಲೇಷಣೆಗಳು ಬೇಕು. ಟ್ರಾನ್ಸ್ ಅಂಶ ತೀರಾ ಕಡಿಮೆಯಿರುವ ‘ತುಪ್ಪ’ವೂ ಪ್ರಶ್ನಾರ್ಹವೇ ಎಂಬುದನ್ನು ಖರೀದಿದಾರರು ಮರೆಯಬಾರದು.

ಆದರೆ ಎಷ್ಟಿದ್ದರೆ ಕಡಿಮೆ, ಎಷ್ಟಿದ್ದರೆ ಸಹಜ? ಹಸಿರು ಮೇವು ಮೇಯುವ ಹಸುವಿನ ಹಾಲಿಗೂ ಬೇಸಿಗೆಯಲ್ಲಿ ಒಣಹುಲ್ಲು ತಿನ್ನುವ ಹಸುವಿನ ಹಾಲಿಗೂ ಈ ಅಂಕಿ ಬದಲಾಗುತ್ತದೆ. ನಾಲೆಯ ನೀರುಂಡು ಭತ್ತ ಬೆಳೆಯುವ ಕೃಷ್ಣರಾಜನಗರದ ಮೇವೇ ಬೇರೆ, ಕಾಡಂಚಿನ ಕೋಟೆ ತಾಲ್ಲೂಕಿನ ಮೇವೇ ಬೇರೆ. ಬೇರೆಲ್ಲಿಯದೋ ಅಳತೆಗೋಲಿನಿಂದ ನಮ್ಮ ತುಪ್ಪವನ್ನು ಅಳೆಯುವಂತಾಗಬಾರದು.

ನನ್ನ ಸಲಹೆ ಇಷ್ಟೇ. ಯಂತ್ರ ಕೊಳ್ಳುವ ಭಾರ ನಮಗೆ ಬೇಡ. ೧೯೫೦ರಿಂದ ಆಹಾರ ಸಂಶೋಧನೆಯಲ್ಲಿ ನಿರತವಾಗಿರುವ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿಯೇ ಇದೆ. ನಾಲ್ಕು ತಾಲ್ಲೂಕುಗಳಿಂದ, ಮೂರು ಋತುಗಳಲ್ಲಿ, ಹಸು ಮತ್ತು ಎಮ್ಮೆಯ ತುಪ್ಪವನ್ನು ಪ್ರತ್ಯೇಕವಾಗಿ ಸಂಗ್ರಹಿಸಿದರೆ ವರ್ಷಕ್ಕೆ ಕನಿಷ್ಠ ೨೪ ಮಾದರಿಗಳಾಗುತ್ತವೆ. ಕಣ್ಣೆದುರಿಗೇ ಕರೆದ ಹಾಲಿನಿಂದ ತಯಾರಿಸಿದ, ಮೊಹರು ಮಾಡಿದ ಮಾದರಿಗಳನ್ನು ವಾಣಿಜ್ಯ ಸಂಸ್ಥೆಯ ಹೆಸರಿನಲ್ಲಿ ಅಲ್ಲಿಗಾಗಲಿ, ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕಾಗಲಿ ಕಳುಹಿಸಿ, ವೆಚ್ಚವನ್ನು ತುಪ್ಪ ಉತ್ಪಾದಕರೂ ಸಿಹಿತಿಂಡಿ ತಯಾರಕರೂ ಹಂಚಿಕೊಳ್ಳಬಹುದು. ಎರಡು ಮೂರು ವರ್ಷಗಳ ಅಂಕಿಗಳು ಕೈಸೇರಿದರೆ, ತಕರಾರು ಬಂದ ದಿನ ತೋರಿಸಲು ನಮ್ಮದೇ ದಾಖಲೆ ಇರುತ್ತದೆ. ನೋಟಿಸು ಬಂದ ಮೇಲೆ ಪುರಾವೆ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳುವುದು ಉಚಿತ.