ನಕ್ಕವರಿಗೂ ಗೊತ್ತಿರದ ವೆಕ್ಟರ್

ನಾವು ಪ್ರಥಮ ಪಿಯುಸಿಗೆ ಸೇರಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಫಿಸಿಕ್ಸ್ ಸರ್ ವೆಕ್ಟರ್ ಪಾಠ ಶುರು ಮಾಡಿದ್ದರು. ಪರಿಮಾಣದ ಜೊತೆಗೆ ದಿಕ್ಕೂ ಇದ್ದರೆ ಅದು ವೆಕ್ಟರ್, ಪರಿಮಾಣ ಮಾತ್ರ ಇದ್ದರೆ ಸ್ಕೇಲಾರ್ ಎಂದು ಬರೆಸಿದ್ದರು. ಅದೇ ದಿನ ಮೂರನೇ ಪೀರಿಯಡ್ ಬಯಾಲಜಿ. ಪ್ರೋಟೊಜೋವಾ ಬಗ್ಗೆ ಹೇಳುತ್ತಾ ಮೇಡಂ, ಹೆಣ್ಣು ಅನಾಫಿಲಿಸ್ ಸೊಳ್ಳೆ ಮಲೇರಿಯಾದ ವೆಕ್ಟರ್ ಎಂದರು. "ವೆಕ್ಟರ್ ಅಂದರೆ ಏನು?" ಎಂದು ಹಿಂದಿನ ಬೆಂಚಿನಲ್ಲಿದ್ದ ನನ್ನ ಗೆಳೆಯನನ್ನು ಎಬ್ಬಿಸಿದರು.

"ಪರಿಮಾಣ ಮತ್ತು ದಿಕ್ಕು ಎರಡೂ ಇರುವುದು ಮೇಡಂ" ಎಂದ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸೊಳ್ಳೆ ಯಾವ ದಿಕ್ಕಿಗೆ ಹಾರುತ್ತದೆ ಎಂದು ಯಾರೋ ಕೇಳಿದರು. ನಗುವವರಲ್ಲಿ ನಾನೂ ಇದ್ದೆ. ಆದರೆ ಇವತ್ತು ಒಂದು ವಿಷಯ ಒಪ್ಪಿಕೊಳ್ಳಬೇಕು: ಮೇಡಂ ನನ್ನನ್ನು ಎಬ್ಬಿಸಿದ್ದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ.

ಆಮೇಲೆ ಅವನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಕಾಮರ್ಸ್‌ಗೆ ಬದಲಾಯಿಸಿಕೊಂಡ. ಅದಕ್ಕೆ ಈ ಒಂದು ನಗುವೇ ಕಾರಣ ಎಂದು ನಾನು ಹೇಳುವುದಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಇಲ್ಲಿನ ಇಂಗ್ಲಿಷ್ ಪಾಠಗಳು ಹೇಗೂ ಕಷ್ಟವೇ. ಕಾಮರ್ಸ್ ಕಡಿಮೆಯದು ಎಂದೂ ನನ್ನ ಮಾತಲ್ಲ. ಆದರೆ ಹೋಗುವ ಮುನ್ನ ಅವನು ಹೇಳಿದ್ದು ಇಷ್ಟು: "ನನಗೆ ಸೈನ್ಸ್ ತಲೆಗೆ ಹತ್ತೋದಿಲ್ಲ ಮಾರಾಯ."

ಅವನ ಊರು ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಅದೇ ತಾಲ್ಲೂಕಿನದು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಆ ಕಡೆ ಹೋಗಬಾರದು, ಉಣುಗು ಕಚ್ಚಿದರೆ ಕಾಯಿಲೆ ಬರುತ್ತದೆ, ದನ ಮೇಯಿಸಿ ಬಂದ ಮೇಲೆ ಮೈಕೈ ನೋಡಿಕೊಳ್ಳಬೇಕು ಎಂಬುದೆಲ್ಲ ಅವನಿಗೆ ಚಿಕ್ಕಂದಿನಿಂದ ಗೊತ್ತು. ಕಾಯಿಲೆಗೆ ಕಾರಣ ವೈರಸ್, ಅದನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಹೊತ್ತು ತರುವುದು ಉಣುಗು. ಬಯಾಲಜಿಯಲ್ಲಿ ವೆಕ್ಟರ್ ಎಂದರೆ ಇದೇ. ನಗುತ್ತಿದ್ದ ನಾವು ಯಾರೂ ವೆಕ್ಟರನ್ನು ಅವನಷ್ಟು ಹತ್ತಿರದಿಂದ ಕಂಡಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಆ ಪದ ಮಾತ್ರ.

ರಜೆಯಲ್ಲಿ ಆ ಪದದ ಹಿಂದೆ ಬಿದ್ದೆ. ಲ್ಯಾಟಿನ್ ಭಾಷೆಯಲ್ಲಿ ವೆಕ್ಟರ್ ಎಂದರೆ ಹೊರುವವನು, ಸಾಗಿಸುವವನು. 'ವೆಹಿಕಲ್' ಕೂಡ ಅದೇ ಧಾತುವಿನಿಂದ ಬಂದದ್ದು. ಸಂಸ್ಕೃತದ 'ವಹ್' ಧಾತು ಅದರ ಸೋದರ. ನಾವು ದಿನಾ ಹೇಳುವ ವಾಹನ, ಪ್ರವಾಹ, ಬಸ್ಸಿನ ನಿರ್ವಾಹಕ ಎಲ್ಲವೂ ಆ ಧಾತುವಿನ ಮಕ್ಕಳು. ಹಾಗಾದರೆ ಫಿಸಿಕ್ಸ್‌ನ ಬಾಣದ ಗುರುತು ಏನನ್ನು ಹೊರುತ್ತದೆ? ಗಣಿತಕ್ಕೆ ಈ ಅರ್ಥದಲ್ಲಿ ವೆಕ್ಟರ್, ಸ್ಕೇಲಾರ್ ಎಂಬ ಪದಗಳನ್ನು ತಂದವರು ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್, 1840ರ ದಶಕದಲ್ಲಿ. ಒಂದು ಬಿಂದುವನ್ನು ಇಲ್ಲಿಂದ ಅಲ್ಲಿಗೆ ಒಯ್ಯುವುದು ವೆಕ್ಟರ್ ಎಂಬುದು ಅವರ ಕಲ್ಪನೆ. ಒಯ್ಯಬೇಕಾದರೆ ಎಷ್ಟು ದೂರ, ಯಾವ ಕಡೆಗೆ ಎಂದು ಎರಡನ್ನೂ ಹೇಳಲೇಬೇಕು. ಪರಿಮಾಣ ಮತ್ತು ದಿಕ್ಕು ಬಂದದ್ದು ಅಲ್ಲಿಂದ.

ಬೇರು ಒಂದೇ ಆದರೂ ಪ್ರತಿ ವಿಷಯದಲ್ಲಿ ಪದಕ್ಕೆ ಅದರದ್ದೇ ನಿಯಮ ಇದೆ. ಪೂರ್ವಕ್ಕೆ 3 ಕಿಲೋಮೀಟರ್, ಉತ್ತರಕ್ಕೆ 4 ಕಿಲೋಮೀಟರ್ ನಡೆದರೆ ಹೊರಟ ಜಾಗದಿಂದ ನಾವು 5 ಕಿಲೋಮೀಟರ್ ದೂರದಲ್ಲಿರುತ್ತೇವೆ. ಪೂರ್ವದಿಂದ 3 ಸೊಳ್ಳೆ, ಉತ್ತರದಿಂದ 4 ಸೊಳ್ಳೆ ಬಂದರೆ ಕಚ್ಚುವುದು 7 ಸೊಳ್ಳೆಗಳೇ! ಬಯಾಲಜಿಯಲ್ಲಿ ಬೇರೆ ಎಚ್ಚರಿಕೆ ಬೇಕು: ಹೊರುವವನೇ ಕಾರಣನಲ್ಲ. ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ, ಸೊಳ್ಳೆ ಅದನ್ನು ತರುತ್ತದೆ ಅಷ್ಟೇ. ಈ ವರ್ಷ ಬಯೋಟೆಕ್ನಾಲಜಿ ಪಾಠದಲ್ಲಿ ಕ್ಲೋನಿಂಗ್ ವೆಕ್ಟರ್ ಬಂತು. ಅಲ್ಲಿ ನಮಗೆ ಬೇಕಾದ ಜೀನನ್ನು ಬ್ಯಾಕ್ಟೀರಿಯಾದೊಳಗೆ ಹೊತ್ತೊಯ್ಯುವುದು ಪ್ಲಾಸ್ಮಿಡ್. ಹೊರುವವನು ಎಂಬ ಅರ್ಥ ಮನಸ್ಸಿನಲ್ಲಿದ್ದುದರಿಂದ ಈ ಸಲ ನನಗೆ ಆ ಪಾಠ ಬಾಯಿಪಾಠ ಮಾಡಬೇಕಾಗಲಿಲ್ಲ.

ಕ್ರೀಡಾಕೂಟದ ಬ್ಯಾನರ್ ಮಾಡಿಸಲು ಹೋದಾಗ ಫ್ಲೆಕ್ಸ್ ಅಂಗಡಿಯಲ್ಲೂ ಇದೇ ಪದ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕಾಲೇಜಿನ ಲೋಗೋ ನೋಡಿ ಅಂಗಡಿಯವರು, "ಇದು ದೊಡ್ಡದು ಮಾಡಿದರೆ ಒಡೆಯುತ್ತೆ, ವೆಕ್ಟರ್ ಫೈಲ್ ಇದ್ದರೆ ಕೊಡಿ" ಎಂದರು. ಮಾಮೂಲಿ ಫೋಟೋದಲ್ಲಿ ಇರುವುದು ಬಣ್ಣದ ಚುಕ್ಕೆಗಳು. ಹಿಗ್ಗಿಸಿದರೆ ಚುಕ್ಕೆಗಳೂ ಹಿಗ್ಗಿ ಅಂಚು ಹಲ್ಲುಹಲ್ಲಾಗುತ್ತದೆ. ವೆಕ್ಟರ್ ಫೈಲಿನಲ್ಲಿ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಹೇಗೆ ಬಾಗುತ್ತದೆ ಎಂಬ ಲೆಕ್ಕ ಇರುತ್ತದೆ. ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಅಂಚು ಚೊಕ್ಕವಾಗಿಯೇ ಇರುತ್ತದೆ.

ಎಲ್ಲವನ್ನೂ ಕನ್ನಡದಲ್ಲೇ ಹೇಳಿದರೆ ಗೊಂದಲ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಇದು ಅರ್ಧ ಸರಿ. ಕನ್ನಡದಲ್ಲಿ ಫಿಸಿಕ್ಸ್‌ನ ವೆಕ್ಟರ್‌ಗೆ 'ಸದಿಶ' ಎನ್ನುತ್ತಾರೆ, ಅಂದರೆ ದಿಕ್ಕು ಉಳ್ಳದ್ದು. ಸ್ಕೇಲಾರ್ 'ಅದಿಶ'. ಪದದಲ್ಲೇ ಅರ್ಥ ಕಾಣುತ್ತದೆ. ಆದರೆ ರೋಗ ಹರಡುವ ಸೊಳ್ಳೆ 'ವಾಹಕ', ಹೈಸ್ಕೂಲಿನಲ್ಲಿ ಓದಿದ ತಾಮ್ರದ ತಂತಿಯೂ 'ವಾಹಕ'. ಅಲ್ಲಿಯೂ ಕೇಳಿಯೇ ತಿಳಿಯಬೇಕು. ನಮ್ಮಲ್ಲಿ ಅರಬಿ ಕಲಿತವರು, ಮನೆಯಲ್ಲಿ ಉರ್ದು ಮಾತನಾಡುವವರು ಬಹಳ ಮಂದಿ ಇದ್ದಾರೆ. ಉರ್ದುವಿನಲ್ಲಿ ಸಮ್ತ್ ಎಂದರೆ ದಿಕ್ಕು, ಅದರಿಂದಲೇ ವೆಕ್ಟರ್‌ಗೆ 'ಸಮ್ತಿಯಾ'. ಅರಬಿಯಲ್ಲಿ ಗಣಿತದ ವೆಕ್ಟರ್ 'ಮುತ್ತಜಿಹ್', ರೋಗ ಹೊರುವುದು 'ನಾಕಿಲ್'. ನಾವು ಗೊಂದಲ ಮಾಡಿಕೊಂಡ ಎರಡು ಅರ್ಥಗಳಿಗೆ ಅಲ್ಲಿ ಎರಡು ಬೇರೆ ಪದಗಳಿವೆ. ಮನೆಯಿಂದ ಇಷ್ಟು ಭಾಷೆ ತಂದವರು ಕ್ಲಾಸಿನಲ್ಲಿ ಭಾಷೆ ಬಾರದವರಂತೆ ತಲೆ ತಗ್ಗಿಸಿ ಕೂರುವುದು ಏಕೆ?

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಹೊಸ ಪದ ಮೊದಲ ಸಲ ಬಂದ ದಿನ ಎರಡು ನಿಮಿಷ ಕೊಡಿ. ಅದರ ಮೂಲ ಅರ್ಥ ಏನು, ಕನ್ನಡದಲ್ಲೋ ಉರ್ದುವಿನಲ್ಲೋ ಏನನ್ನುತ್ತಾರೆ, ಪಕ್ಕದ ಕ್ಲಾಸಿನಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆಯೇ ಎಂದು ಹೇಳಿ. ಪೋರ್ಷನ್ ಮುಗಿಯಬೇಕು, ಸಿಇಟಿ, ನೀಟ್ ಎದುರಿಗಿದೆ, ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ಅರ್ಥವಾಗದ ವ್ಯಾಖ್ಯೆಯನ್ನು ಉರು ಹೊಡೆದು, ಪರೀಕ್ಷೆಯಲ್ಲಿ ತಪ್ಪು ಜಾಗದಲ್ಲಿ ಬರೆದು ಬರುವುದಕ್ಕೆ ನಮಗೆ ಅದಕ್ಕಿಂತ ಹೆಚ್ಚು ಸಮಯ ಹೋಗುತ್ತಿದೆ.

ಲೈಬ್ರರಿಯ ಪಕ್ಕದ ಬೋರ್ಡಿನಲ್ಲಿ ವಾರಕ್ಕೊಂದು ಪದ ಬರೆಯೋಣ. ವೆಕ್ಟರ್ ಒಂದೇ ಅಲ್ಲ. ಕೆಮಿಸ್ಟ್ರಿಯ ಬಾಂಡ್ ಬೇರೆ, ಕಾಮರ್ಸ್‌ನ ಬಾಂಡ್ ಬೇರೆ. ಬಯಾಲಜಿಯ ಸೆಲ್ ಬೇರೆ, ಟಾರ್ಚಿನ ಸೆಲ್ ಬೇರೆ. ಗಣಿತದ ಪವರ್, ಫಿಸಿಕ್ಸ್‌ನ ಪವರ್, ರಾಜ್ಯಶಾಸ್ತ್ರದ ಪವರ್ ಮೂರೂ ಬೇರೆ. ಮೂರೂ ವಿಭಾಗದವರು ಸೇರಿ ಅರ್ಥ ಬರೆದರೆ ಒಬ್ಬರ ಪುಸ್ತಕದಲ್ಲಿ ಏನಿದೆ ಎಂದು ಇನ್ನೊಬ್ಬರಿಗೂ ತಿಳಿಯುತ್ತದೆ.

ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸವೂ ಇದೆ. ತಪ್ಪು ಉತ್ತರ ಕೇಳಿದಾಗ ನಗುವ ಮೊದಲು, ಇದು ಯಾವ ಕ್ಲಾಸಿನ ಸರಿ ಉತ್ತರ ಎಂದು ಒಂದು ಕ್ಷಣ ಯೋಚಿಸೋಣ. ನನ್ನ ಗೆಳೆಯ ಎರಡು ಗಂಟೆ ಮೊದಲು ಕಲಿತ ಪಾಠವನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದ. ಅವನು ಈಗಲೂ ಇದೇ ಕಾಲೇಜಿನಲ್ಲಿದ್ದಾನೆ, ಈ ಪತ್ರಿಕೆಯನ್ನೂ ಓದುತ್ತಾನೆ. ಆ ದಿನ ನಕ್ಕಿದ್ದಕ್ಕೆ ಕ್ಷಮಿಸು ಗೆಳೆಯ. ಬೋರ್ಡು ಶುರುವಾದರೆ ಮೊದಲ ಪದ 'ವೆಕ್ಟರ್' ಆಗಲಿ. ಅದರ ಕೆಳಗೆ ಉಣುಗಿನ ವಿಷಯ ನೀನೇ ಬರೆಯಬೇಕು.